ಯಂತ್ರಯುಗವೂ ಹೆಣ್ಣುಮಕ್ಕಳ ವಿದ್ಯೆಯೂ

ಹತ್ತನೆಯ ತರಗತಿ ಮುಗಿದೊಡನೆ ತಾಯಿತಂದೆಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದುಂಟು: ಮಗಳಿಗೆ ಯಾವ ಕೆಲಸವನ್ನು ಕಲಿಸಿದರೆ ಬೇಗನೆ ಉದ್ಯೋಗ ದೊರಕುವುದು? ಪತ್ರ ಬರೆಯುವ, ಲೆಕ್ಕವಿಡುವ, ಭಾಷಾಂತರಿಸುವ ಕೃತಕ ಬುದ್ಧಿಮತ್ತೆಯು ಬಂದ ಮೇಲೆ ಈ ಪ್ರಶ್ನೆಯಲ್ಲಿ ಭಯವೂ ಬೆರೆತಿದೆ. ಈ ಭಯವು ನಿರಾಧಾರವಾದುದಲ್ಲ. ಬೆರಳಚ್ಚು, ಕಚೇರಿಯ ಲೆಕ್ಕಪತ್ರ ಮೊದಲಾದವುಗಳಿಂದಲೇ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಂಬಳವನ್ನು ಕಂಡರು. ಹೊಸ ಯಂತ್ರವು ಮೊದಲು ಕೈಹಾಕುವುದೂ ಅಂಥ ಕೆಲಸಗಳಿಗೇ.

ಹಾಗಾದರೆ ನಮ್ಮ ಊರಿನ ಚರಿತ್ರೆಯು ಏನನ್ನು ಕಲಿಸುತ್ತದೆ? 1902ರಲ್ಲಿ ಶಿವನಸಮುದ್ರದ ಜಲಬಲದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಮಗ್ಗಗಳೊಡನೆ ಮೈಸೂರಿನ ರೇಷ್ಮೆ ಕಾರ್ಖಾನೆ ಆರಂಭವಾಯಿತು. ಮಗ್ಗ ಹೊರಗಿನದು, ಹೆಸರು ಮೈಸೂರಿನದಾಯಿತು.

ಇನ್ನೆರಡು ಕಾರ್ಖಾನೆಗಳನ್ನು ಹೋಲಿಸಿ ನೋಡಬಹುದು. 1937ರಲ್ಲಿ ಸ್ಥಾಪನೆಯಾದ ಅರಗು ಮತ್ತು ಬಣ್ಣದ ಕಾರ್ಖಾನೆಯು, 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸಲು ಕಲಿತು, ಇಂದಿಗೂ ನಡೆಯುತ್ತಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಮೋಟಾರು ಸೈಕಲ್ಲುಗಳನ್ನು ಮಾಡಿ ದೇಶವೆಲ್ಲ ಹೆಸರಾಗಿತ್ತು. ಕಡಿಮೆ ಪೆಟ್ರೋಲಿನಲ್ಲಿ ಓಡುವ ಹೊಸ ವಾಹನಗಳ ಪೈಪೋಟಿ ಬಂದು, 1996ರಲ್ಲಿ ಮುಚ್ಚಿಹೋಯಿತು. ಒಂದೇ ಯಂತ್ರವನ್ನು ನಂಬಿದ ಕುಶಲತೆಯು ಆ ಯಂತ್ರದೊಡನೆಯೇ ಅಸ್ತಮಿಸಬಹುದು. ಹೊಸದನ್ನು ಕಲಿಯಬಲ್ಲ ಕುಶಲತೆಯು ಉಳಿಯುತ್ತದೆ.

ಕೃತಕ ಬುದ್ಧಿಮತ್ತೆಯ ಸ್ವಭಾವವನ್ನೂ ತಿಳಿಯಬೇಕು. ಅದು ಅಪಾರವಾದ ಬರಹಗಳನ್ನು ಅರೆದು, ಯಾವ ಮಾತಿನ ಹಿಂದೆ ಯಾವ ಮಾತು ಬರುವುದೆಂಬುದನ್ನು ಅಂದಾಜುಮಾಡಿ ಉತ್ತರ ಕೊಡುತ್ತದೆ. ಉತ್ತರವು ನಯವಾಗಿದ್ದೂ ಸುಳ್ಳಾಗಿರಬಹುದು. ಆದುದರಿಂದ ಪರೀಕ್ಷಿಸುವ ಭಾರವು ಮನುಷ್ಯನ ಮೇಲೆಯೇ ಉಳಿದಿದೆ. ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಲು ಭಾಷೆ ಬೇಕು. ಉತ್ತರವನ್ನು ತೂಗಲು ಗಣಿತವೂ ವಿಜ್ಞಾನವೂ ಬೇಕು. ತಪ್ಪನ್ನು ತಪ್ಪೆಂದು ಹೇಳಲು ಪ್ರಾಮಾಣಿಕತೆ ಬೇಕು. ಇವು ಯಾವ ಯಂತ್ರದೊಡನೆಯೂ ಹಳತಾಗವು.

ಆದಕಾರಣ ತಾಯಿತಂದೆಗಳಲ್ಲಿ ನಮ್ಮ ವಿನಂತಿ ಇಷ್ಟು. ಗಣಿತವು ಕಠಿಣವೆಂದು ಮಗಳಿಂದ ಬಿಡಿಸಬೇಡಿರಿ. ಮನೆಯಲ್ಲಿ ಒಂದೇ ಗಣಕಯಂತ್ರವಾಗಲಿ ಮೊಬೈಲಾಗಲಿ ಇದ್ದರೆ, ಮಗನಿಗೆ ಕೊಟ್ಟಷ್ಟೇ ಹೊತ್ತನ್ನು ಮಗಳಿಗೂ ಕೊಡಿರಿ. ಆ ಹೊತ್ತಿನಲ್ಲಿ ಅವಳನ್ನು ಅಡಿಗೆಮನೆಗೆ ಕರೆಯಬೇಡಿರಿ. ಆರು ತಿಂಗಳ ಒಂದು ಪ್ರಮಾಣಪತ್ರದಿಂದಲೇ ಅವಳ ಓದು ಮುಗಿಯಿತೆಂದು ಎಣಿಸದೆ, ಸಾಧ್ಯವಿದ್ದಷ್ಟು ಮುಂದಕ್ಕೆ ಓದಿಸಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರು ಅನೇಕರಿದ್ದೀರಿ. ನಿಮ್ಮ ಕೆಲಸದಲ್ಲಿ ಏನು ಬದಲಾಯಿತು, ಏನನ್ನು ಹೊಸದಾಗಿ ಕಲಿಯಬೇಕಾಯಿತು ಎಂಬುದನ್ನು ಬಂದು ನಮ್ಮ ಹುಡುಗಿಯರಿಗೆ ತಿಳಿಸಿರಿ. ಪಠ್ಯಪುಸ್ತಕಕ್ಕೆ ಬರುವ ಮೊದಲೇ ಅದು ಅವರಿಗೆ ನಿಮ್ಮಿಂದ ತಿಳಿಯಬೇಕಾಗಿದೆ.