ಗುಳ್ಳೆಯ ಕೆಳಗೊಂದು ಬ್ಯಾಟರಿ

ಮಂಗಳೂರು, ಉಡುಪಿ ಕಡೆಯ ಹಳೇ ಕಾರುಗಳ ಬಾಗಿಲ ಕೆಳ ಅಂಚನ್ನು ಬೆರಳಿನಿಂದ ಸವರಿದರೆ ಅಲ್ಲಲ್ಲಿ ಕಡಲೆಕಾಳಿನಷ್ಟು ಗುಳ್ಳೆಗಳು ಸಿಗುತ್ತವೆ. ಮೇಲೆ ಬಣ್ಣ ಗಟ್ಟಿಯಾಗಿಯೇ ಕಾಣುತ್ತದೆ. ಉಗುರಿನಲ್ಲಿ ಕೆದಕಿದರೆ ಕಂದು ಪುಡಿ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಬೆಳೆಯುತ್ತಾ ಬಣ್ಣವನ್ನು ಎತ್ತಿ ಹಿಡಿಯುತ್ತದೆ.

ತುಕ್ಕು ಹುಟ್ಟಲು ನೀರೂ ಬೇಕು, ಆಮ್ಲಜನಕವೂ ಬೇಕು. ಹಾಗಾದರೆ ಗಾಳಿ ಚೆನ್ನಾಗಿ ತಾಗುವಲ್ಲೇ ಲೋಹ ಹೆಚ್ಚು ಸವೆಯಬೇಕಲ್ಲ? ಆಗುವುದು ತಿರುವುಮುರುವು. ಕೇಂಬ್ರಿಜ್‌ನ ರಸಾಯನ ವಿಜ್ಞಾನಿ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಉಕ್ಕಿನ ಮೇಲೆ ಉಪ್ಪುನೀರಿನ ಹನಿಯಿಟ್ಟು ಇದನ್ನು ತೋರಿಸಿದರು. ನೀರಿಗೆ ಸೂಚಕ ದ್ರಾವಣ ಬೆರೆಸಿದ್ದರೆ, ಗಾಳಿ ಸುಲಭವಾಗಿ ಸೇರುವ ಹನಿಯ ಅಂಚು ಗುಲಾಬಿಯಾಗುತ್ತದೆ, ಗಾಳಿ ತಲುಪದ ನಡುಭಾಗ ನೀಲಿಯಾಗುತ್ತದೆ. ಕಬ್ಬಿಣ ಕರಗುತ್ತಿರುವುದು ಆ ನೀಲಿಯಿರುವಲ್ಲಿ. ಅಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿನ ಆಮ್ಲಜನಕವನ್ನು ಸೇರುತ್ತವೆ. ಇದು ನಿಜವಾದ ಬ್ಯಾಟರಿಯೇ, ಉಪ್ಪಿದ್ದಷ್ಟೂ ಚುರುಕು. ಕಡಲತಡಿಯ ಕಾರುಗಳ ಪಾಡು ಇದರಿಂದಲೇ.

ಬಾಗಿಲ ತಗಡಿನ ಮಡಿಕೆ, ಚಕ್ರದ ಮೇಲೆ ಮೆತ್ತಿದ ಕೆಸರಿನ ಅಡಿ, ಹಳೇ ತುಕ್ಕಿನ ಹೆಕ್ಕಳದ ಕೆಳಗಿನ ಗುಳಿ: ಗಾಳಿ ತಲುಪದ ಇಂಥ ಜಾಗಗಳೆಲ್ಲ ಹನಿಯ ನಡುಭಾಗವಿದ್ದಂತೆ. ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಹೀಗಿರುವಾಗ ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಗುಳಿಯೊಳಗಿನ ಕೆಲಸ ಮುಂದುವರಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಹೊಳೆಯುವ ಲೋಹ ಕಾಣುವವರೆಗೂ, ಸುತ್ತಲಿನ ಗಟ್ಟಿ ಬಣ್ಣದವರೆಗೂ ಉಜ್ಜಬೇಕು. ಗುಳಿಗಳಲ್ಲಿ ಕಪ್ಪು ಚುಕ್ಕಿ ಉಳಿದರೆ ಫಾಸ್ಫಾರಿಕ್ ಆಮ್ಲ ಹಚ್ಚುತ್ತಾರೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಉಳಿದ ಆಮ್ಲವನ್ನು ತೊಳೆದು ಚೆನ್ನಾಗಿ ಒಣಗಿಸಬೇಕು. ತೂತು ಬಿದ್ದಿದ್ದರೆ ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು, ಪುಟ್ಟಿ ತುಂಬಿ ಸಾಗಹಾಕುವಂತಿಲ್ಲ.

ನಮ್ಮಲ್ಲಿ ಬಹಳಷ್ಟು ಕೆಲಸ ಕೆಡುವುದು ಈ ಪುಟ್ಟಿಯಿಂದಲೇ ಎಂದು ನನ್ನ ಗುಮಾನಿ. ಅದು ನೀರು ಹೀರುತ್ತದೆ. ಬರೀ ಲೋಹದ ಮೇಲೆ ಪುಟ್ಟಿ ಹಾಕಿ, ನೀರು ಸುರಿಯುತ್ತಾ ಸ್ಯಾಂಡ್‌ಪೇಪರಿನಿಂದ ತಿಕ್ಕಿದರೆ ತುಕ್ಕಿಗೆ ನಾವೇ ನೀರುಣಿಸಿದಂತೆ. ಮೊದಲು ಎಪಾಕ್ಸಿ ಪ್ರೈಮರ್, ಆಮೇಲೆ ಪುಟ್ಟಿ ಎಂದು ಹಟ ಹಿಡಿಯಿರಿ. ಮಳೆಗಾಲದಲ್ಲಂತೂ ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು.

ಬಣ್ಣ ಹೊಂದಿಸುವುದು ಬೇರೆಯೇ ಕಸುಬು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚಕ್ಕೆಗಳಿರುತ್ತವೆ. ಸ್ಪ್ರೇ ಗನ್ನಿನ ಒತ್ತಡ, ದೂರ ತುಸು ಬದಲಾದರೂ ಅವು ಮಲಗುವ ರೀತಿ ಬದಲಾಗಿ ಅದೇ ಕೋಡಿನ ಬಣ್ಣ ಬೇರೆಯಾಗಿ ಕಾಣುತ್ತದೆ. ಅದಕ್ಕೇ ನುರಿತವರು ಹೊಸ ಬಣ್ಣವನ್ನು ಹಳೆಯದರೊಳಗೆ ಮೆಲ್ಲಗೆ ಕರಗಿಸಿ, ಕ್ಲಿಯರ್ ಕೋಟನ್ನು ಇಡೀ ಬಾಗಿಲಿಗೆ ಹೊಡೆಯುತ್ತಾರೆ. ಅದರ ಹಾರ್ಡನರಿನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೊಸಯನೇಟ್‌ಗಳಿರುತ್ತವೆ. ಮೂಗಿಗೆ ಕಟ್ಟಿಕೊಂಡ ಕರ್ಚೀಫು ಅವನ್ನು ತಡೆಯುವುದಿಲ್ಲ.

ಬಾಗಿಲಿನ ತಳದಲ್ಲಿ ನೀರು ಬಸಿಯಲೆಂದು ಬಿಟ್ಟ ಸಣ್ಣ ತೂತುಗಳಿರುತ್ತವೆ. ಕಾರು ಮನೆಗೆ ತರುವ ಮುನ್ನ ಹೊಸ ಪೇಂಟ್ ಅವನ್ನು ಮುಚ್ಚಿಲ್ಲ ತಾನೇ ಎಂದು ಕಡ್ಡಿ ತೂರಿಸಿ ನೋಡಿ.