ಹುಳದ ಹೆಸರು ಕೇಳದೆ ಔಷಧಿ ಹೊಡೆಸಿದೆ

2022ರ ಬೇಸಿಗೆ. ಯುಗಾದಿ ಕಳೆದು ಎರಡು ವಾರ ಆಗಿರಬೇಕು. ತೆಂಗಿನ ಕೆಳಗರಿಗಳೆಲ್ಲ ಮಸಿ ಬಳಿದಂಗೆ ಕಪ್ಪಾದವು. ಗರಿ ಮಗುಚಿ ನೋಡಿದರೆ ಅಡಿಯಲ್ಲಿ ಬಿಳಿ ಹಿಟ್ಟು, ಬೆರಳಲ್ಲಿ ರಂಗೋಲಿ ಎಳೆದ ಹಾಗೆ ಸುರುಳಿ ಸುರುಳಿ. ಕಾಯಿ ಕೀಳಲು ಮರ ಹತ್ತಿದವನ ಕೈ, ಅಂಗಿ ಎಲ್ಲ ಅಂಟು.

ತುರುವೇಕೆರೆ ತಾಲ್ಲೂಕಿನಲ್ಲಿ ನನಗಿರೋದು ಮೂರು ಎಕರೆ ಬೆದ್ದಲು. ಒಂದೂವರೆ ಎಕರೆಯಲ್ಲಿ ತೊಂಬತ್ತು ತೆಂಗು, ಉಳಿದದ್ದರಲ್ಲಿ ರಾಗಿ, ಹುರುಳಿ. ಅಟ್ಟದ ಮೇಲಿನ ಕೊಬ್ಬರಿಯೇ ನಮ್ಮ ಬ್ಯಾಂಕು. ಹೆದರಿಕೆ ಆಗದೆ ಇರುತ್ತದೆಯೇ?

ಒಂದು ಗರಿ ಕಿತ್ತುಕೊಂಡು ಔಷಧಿ ಅಂಗಡಿಗೆ ಹೋದೆ. ಯಾವ ಅಂಗಡಿ ಅನ್ನೋದು ಬೇಡ. ಅವರು ಗರಿಯನ್ನು ಕೈಗೂ ತಗೊಳ್ಳಲಿಲ್ಲ. 'ಹಿಟ್ಟು ತಿಗಣೆ, ಇದನ್ನು ಹೊಡೀರಿ' ಅಂದರು. ಮೋಟಾರು ಪಂಪಿನವರನ್ನು ಕರೆಸಿ ಎರಡು ಸಲ ಹೊಡೆಸಿದೆ. ಔಷಧಿ, ಕೂಲಿ ಸೇರಿ ಹದಿನಾಲ್ಕು ಸಾವಿರ. ಹದಿನೈದು ದಿನ ಕಮ್ಮಿಯಾದಂತೆ ಕಂಡಿತು. ಆಮೇಲೆ ಮೊದಲಿಗಿಂತ ಜಾಸ್ತಿ ಬಂತು. ಬೇಲಿಯಾಚೆ ತೋಟದವರಿಗೆ ಆ ವರ್ಷ ದುಡ್ಡು ಹೊಂದಲಿಲ್ಲ, ಏನೂ ಹೊಡೆಸಲಿಲ್ಲ. ಅವರ ಮರಗಳು ಮಳೆಗಾಲ ಮುಗಿಯೋ ಹೊತ್ತಿಗೆ ಚೇತರಿಸಿಕೊಂಡವು. ನನ್ನವು ಇಲ್ಲ. ಇದು ಯಾಕೆ ಅಂತ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೆ.

ಉತ್ತರ ಸಿಕ್ಕಿದ್ದು ನನ್ನ ತಮ್ಮನ ಮಗಳಿಂದ. ಬೆಂಗಳೂರಿನಲ್ಲಿ ಜೈವಿಕ ತಂತ್ರಜ್ಞಾನ ಓದುತ್ತಿದ್ದಾಳೆ. ದಸರಾ ರಜೆಯಲ್ಲಿ ಬಂದವಳು ನಮ್ಮ ತೋಟದ ಹುಳಗಳನ್ನು ಸ್ಪಿರಿಟ್ ತುಂಬಿದ ಸಣ್ಣ ಬಾಟಲಿಯಲ್ಲಿ ಹಾಕಿಕೊಂಡು ಹೋದಳು. ಸಂಕ್ರಾಂತಿಗೆ ಲ್ಯಾಪ್‌ಟಾಪು ಹಿಡಿದು ಬಂದಳು. 'ದೊಡ್ಡಪ್ಪ, ನಿಮ್ಮ ಹುಳ ಇಲ್ಲೈತೆ ನೋಡಿ' ಅಂದಳು. ನೋಡಿದರೆ ಹುಳ ಇಲ್ಲ! ಎ, ಸಿ, ಜಿ, ಟಿ ಅನ್ನೋ ನಾಲ್ಕೇ ಇಂಗ್ಲಿಷ್ ಅಕ್ಷರ ಹಿಂದೆ ಮುಂದೆ ಆಗಿ ಸಾಲುಗಟ್ಟಿ ನಿಂತಿವೆ.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಪ್ರತಿ ಜೀವಿಯ ಒಳಗೂ ಡಿ.ಎನ್.ಎ. ಅಂತ ಇದೆಯಲ್ಲ, ಅದರ ಬರಹ ಈ ನಾಲ್ಕು ಅಕ್ಷರದ್ದು. ಪೂರ್ತಿ ಓದಬೇಕಿಲ್ಲ. ಹುಳದ ಗುರುತಿಗೆ ಒಂದು ಜೀನಿನ ಸುಮಾರು 650 ಅಕ್ಷರ ಸಾಕು. ಇದನ್ನು 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಎಂಬ ವಿಜ್ಞಾನಿ ಮತ್ತು ಜೊತೆಯವರು ತೋರಿಸಿಕೊಟ್ಟರು. ಅಂಗಡಿಯ ಸೋಪಿನ ಮೇಲೆ ಗೆರೆಗೆರೆ ಬಾರ್‌ಕೋಡ್ ಇರುತ್ತಲ್ಲ, ಹಾಗೆ ಅಂತ ಅದೇ ಹೆಸರಿಟ್ಟರು.

ಅಕ್ಷರ ಓದಿದರೆ ಆಯಿತೇ? ಯಾರದ್ದಕ್ಕೆ ಹೋಲುತ್ತದೆ ಅಂತ ತಾಳೆ ನೋಡಬೇಕು. ಅದಕ್ಕೆ ಅಮೆರಿಕದಲ್ಲಿ 1982ರಿಂದ ಜೆನ್‌ಬ್ಯಾಂಕ್ ಎಂಬ ದಫ್ತರ ಇದೆ. ಯುರೋಪು, ಜಪಾನಿನಲ್ಲೂ ಇಂಥವೇ ಇದ್ದು, ಮೂರೂ ಕಡೆಯವರು ತಮ್ಮಲ್ಲಿ ಬಂದದ್ದನ್ನು ದಿನಾ ಹಂಚಿಕೊಳ್ಳುತ್ತಾರೆ. ನಮ್ಮ ದೇಶದ್ದು 2022ರ ನವೆಂಬರಿನಲ್ಲಿ ಫರೀದಾಬಾದಿನಲ್ಲಿ ಶುರುವಾಯಿತು. ತೆಂಗಿನದ್ದೂ ಬರೆದಿಟ್ಟಿದ್ದಾರೆ. ಚೀನಾದವರು ತಮ್ಮ ಹೈನಾನ್ ಎತ್ತರದ ತಳಿಯ ಬರಹವನ್ನು 2017ರಲ್ಲೇ ಪ್ರಕಟಿಸಿದರಂತೆ.

ತಾಳೆ ನೋಡುವ ಕೆಲಸ 1990ರಲ್ಲಿ ಬಂದ ಬ್ಲಾಸ್ಟ್ ಎಂಬ ಸಾಫ್ಟ್‌ವೇರಿನದು. ಮೊದಮೊದಲು ಇಂಥ ಕೆಲಸಕ್ಕೆ ಕಂಪ್ಯೂಟರಿನ ಭಾಷೆ ಬಲ್ಲವರೇ ಬೇಕಿತ್ತು. ಈಗ ಪರದೆ ಮೇಲೆ ಒಂದು ಖಾಲಿ ಚೌಕ, ಕೆಳಗೆ ಒಂದು ನೀಲಿ ಗುಂಡಿ, ಅಷ್ಟೇ. ಅಕ್ಷರ ಅಂಟಿಸಿ ಗುಂಡಿ ಒತ್ತಬೇಕು. 'ನೀವೇ ಒತ್ತಿ ದೊಡ್ಡಪ್ಪ' ಅಂದಳು. ಏಳನೇ ಕ್ಲಾಸು ಓದಿದ ನಾನು ಒತ್ತಿದೆ. ಕಾಸು ಕೊಡಬೇಕಿಲ್ಲ. ಸ್ವಲ್ಪ ಹೊತ್ತಿಗೆ ಹೋಲಿಕೆಯ ಪಟ್ಟಿ ಬಂತು. ಮೇಲಿನ ಹೆಸರಿಗೆ ನೂರಕ್ಕೆ 99ಕ್ಕಿಂತ ಜಾಸ್ತಿ ಹೋಲಿಕೆ: ರುಗೋಸ್ ಸುರುಳಿ ಬಿಳಿನೊಣ. ಹಿಟ್ಟು ತಿಗಣೆ ಅಲ್ಲವೇ ಅಲ್ಲ.

ಆ ಹೆಸರನ್ನು ಒತ್ತಿದರೆ ಅದರ ವಂಶ, ಇನ್ನೊಂದನ್ನು ಒತ್ತಿದರೆ ಅದರ ಮೇಲೆ ಬರೆದ ಲೇಖನಗಳು. ಬೇರೆ ಬೇರೆ ಉಗ್ರಾಣಗಳಂತೆ, ಆದರೆ ಬಾಗಿಲು ಒಂದೇ. ಅಲ್ಲಿಂದ ಹುಳದ ಜಾತಕವೇ ಸಿಕ್ಕಿತು. 2004ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನದೆಂದು ಹೆಸರಿಟ್ಟದ್ದು, 2009ರಲ್ಲಿ ಫ್ಲೋರಿಡಾ, 2016ರಲ್ಲಿ ಪೊಳ್ಳಾಚಿ. ಆಮೇಲೆ ನಮ್ಮ ತಿಪಟೂರು ಸೀಮೆ. ಅದರ ಬೆನ್ನಿಗೇ ಎನ್‌ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜವೂ ಬಂದಿದೆ. ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುತ್ತದೆ.

ಅವಳ ಭೂತಗನ್ನಡಿ ಇಸಕೊಂಡು ಎರಡೂ ತೋಟದ ಗರಿ ನೋಡಿದೆ. ಬೇಲಿಯಾಚೆಯವರ ಗರಿಯಲ್ಲಿ ಮರಿಯ ಚಿಪ್ಪುಗಳಿಗೆ ದುಂಡನೆ ತೂತು ಬಿದ್ದಿತ್ತು, ಕಣಜ ಹೊರಬಂದ ಗುರುತು. ನನ್ನ ಗರಿಯಲ್ಲಿ ಹುಡುಕಿದರೂ ನಾಲ್ಕೈದು. ಹದಿನಾಲ್ಕು ಸಾವಿರ ಕೊಟ್ಟು ನಾನು ಕೊಂದದ್ದು ಇದನ್ನೇ.

ಈಗ ವಿಷ ಹೊಡೆಸುತ್ತಿಲ್ಲ. ಗಿಡ್ಡ ಮರಗಳ ಗರಿಯ ಅಡಿಗೆ ನೀರನ್ನೇ ಜೋರಾಗಿ ಹೊಡೆಯುತ್ತೇನೆ. ಜಾಸ್ತಿಯಾದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು. ಮಸಿಗೆ ನೂರಕ್ಕೆ ಒಂದು ಪ್ರಮಾಣದ ಗಂಜಿ. ಒಣಗಿದ ಮೇಲೆ ಹಕ್ಕಳೆಯಾಗಿ ಉದುರುತ್ತದೆ. ಈ ನೊಣಕ್ಕೆ ರೋಗ ತರುವ ಶಿಲೀಂಧ್ರವೊಂದನ್ನು ಬೆಂಗಳೂರಿನ ಎನ್.ಬಿ.ಎ.ಐ.ಆರ್. ಸಂಸ್ಥೆ ಕಂಡುಹಿಡಿದಿದೆ, ಅದನ್ನು ನಾನಿನ್ನೂ ಬಳಸಿಲ್ಲ.

ಇಲ್ಲೊಂದು ಎಚ್ಚರಿಕೆ. ಬ್ಲಾಸ್ಟ್ ಅನ್ನೋದು ಬಸ್‌ಸ್ಟ್ಯಾಂಡಿನಲ್ಲಿ ದಾರಿ ಹೇಳೋರಂಗೆ. ದಫ್ತರದಲ್ಲಿ ನಮ್ಮ ಹುಳ ಇಲ್ಲದಿದ್ದರೂ ಹತ್ತಿರದ ಯಾವುದೋ ಹೆಸರು ತೋರಿಸಿಬಿಡುತ್ತದೆ. ಶೇಕಡಾ ಎಷ್ಟು ಅಂತ ನೋಡಬೇಕು, ಹುಳ ಬಲ್ಲವರನ್ನೂ ಕೇಳಬೇಕು.

ನನ್ನ ತಕರಾರು ಬೇರೆ. ಆ ಬಾಗಿಲು ಓದಿದವರಿಗೆ ಸಲೀಸು, ನಮಗಲ್ಲ. ಒಂದಕ್ಕೊಂದು ಸೇರಿಸಿ ಜನಕ್ಕೆ ಕೊಡೋದು ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಫ್ರೂಟ್ಸ್ ನಂಬರು ಒಂದಿದ್ದರೆ ಭೂಮಿಯ ಪಹಣಿ, ಆಧಾರ್, ಬ್ಯಾಂಕಿನ ಖಾತೆ ಎಲ್ಲ ಒಟ್ಟಿಗೆ ಬರುತ್ತವೆ. ಬೆಂಬಲ ಬೆಲೆಗೆ ಕೊಬ್ಬರಿ ಬಿಟ್ಟವರಿಗೆ ಇದು ಗೊತ್ತು. 2024ರ ಆಗಸ್ಟಿನಲ್ಲಿ ಕೇಂದ್ರದವರು ಫೋಟೋ ನೋಡಿ ಕೀಟ ಹೇಳುವ ಎನ್.ಪಿ.ಎಸ್.ಎಸ್. ಎಂಬ ವ್ಯವಸ್ಥೆ ತಂದಿದ್ದಾರೆ, ಒಳ್ಳೇದೇ. ಆದರೆ ಹುಳದ ಹೆಸರಿನ ಜೊತೆಗೆ ಅದರ ವೈರಿ ಯಾರು, ಯಾವ ಔಷಧಿ ಹೊಡೆದರೆ ಆ ವೈರಿ ಸಾಯುತ್ತದೆ, ನಮ್ಮ ಹೋಬಳಿಯಲ್ಲಿ ಇನ್ನೆಲ್ಲಿ ಕಂಡಿದೆ ಅನ್ನೋದು ಒಂದೇ ಪರದೆಯಲ್ಲಿ, ಕನ್ನಡದಲ್ಲಿ ಬರಬೇಕು. 2022ರಲ್ಲಿ ನನಗೆ ಬೇಕಿದ್ದದ್ದು ಅಷ್ಟೇ.

ಈ ಸಲ ಊರಿನ ಹನ್ನೊಂದು ತೋಟದ ಗರಿ ಕಟ್ಟಿ ಹುಡುಗಿಯ ಕೈಲಿ ಕಳಿಸಿದ್ದೇನೆ. ಎರಡು ತೋಟದ ಗರಿಯಲ್ಲಿ ಸುರುಳಿ ಇಲ್ಲ, ಹಕ್ಕಿ ಗೂಡಿನ ಹಾಗೆ ಮೇಣ ಸುತ್ತಿಕೊಂಡಿದೆ. ಅದು ಬೇರೆಯೇ ನೊಣ ಇರಬಹುದು, ಅಕ್ಷರ ಬರಲಿ ಅನ್ನುತ್ತಾಳೆ. ಬಂದ ಮೇಲೆ ಬರೆಯುತ್ತೇನೆ.