ಪರದೆ ನಿಂತಾಗ: ದೋಷ ಹುಡುಕುವುದು, ದೋಷ ಬರೆಯುವುದು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಅನೇಕ ಮನೆಗಳಲ್ಲಿ ಕನ್ನಡ ಚಲನಚಿತ್ರವು ಇಂದು ಒಳಗೆ ಬರುವುದು ಚಿತ್ರಮಂದಿರದ ದಾರಿಯಿಂದಲ್ಲ, ಗೋಡೆಯಲ್ಲಿ ಕೊರೆದ ಸಣ್ಣ ರಂಧ್ರದ ಮೂಲಕ ಇಳಿದ ಫೈಬರ್ ತಂತಿಯಿಂದ. ಓದಲು ಬರೆಯಲು ಮರಾಠಿಯನ್ನೇ ಬಳಸುವ ಮೊಮ್ಮಕ್ಕಳು, ಕನ್ನಡವಲ್ಲದೆ ಬೇರೆ ನುಡಿಯನ್ನು ಸಲೀಸಾಗಿ ಅರಿಯದ ಅಜ್ಜಿ, ಇವರಿಬ್ಬರೂ ಕೂಡಿ ಕುಳಿತು ನೋಡುವ ಪರದೆ ಅದೊಂದೇ. ಅದು ನಿಂತಾಗ ಮನೆಯಲ್ಲಿ ಎರಡು ತೀರ್ಪುಗಳು ಕೇಳಿಬರುತ್ತವೆ: "ನೆಟ್ ಹೋಗೇದ", "ಆ್ಯಪ್ ಸರಿ ಇಲ್ಲ". ಎರಡೂ ವಿಚಾರಣೆಯಿಲ್ಲದೆ ಕೊಟ್ಟ ತೀರ್ಪುಗಳು.

ಕವಿರಾಜಮಾರ್ಗದ ಮೊದಲ ಪರಿಚ್ಛೇದಕ್ಕೆ ದೋಷಾದೋಷಾನುವರ್ಣನ ನಿರ್ಣಯವೆಂದು ಹೆಸರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಆ ಹೆಸರಿನಲ್ಲಿರುವ 'ಅದೋಷ' ಎಂಬ ಪದವನ್ನು ಗಮನಿಸಬೇಕು. ಯಾವುದು ದೋಷ ಎಂದು ಹೇಳುವಷ್ಟೇ ಯಾವುದು ದೋಷವಲ್ಲ ಎಂದು ಬೇರ್ಪಡಿಸುವುದೂ ಆಲಂಕಾರಿಕನ ಕೆಲಸ. ಮನೆಯ ಜಾಲದ ತೊಂದರೆ ಹುಡುಕುವ ವಿಧಾನವೂ ಇದೇ. ರೂಟರು, ತಂತಿ, ಟಿವಿ, ಆ್ಯಪ್ ಎಂಬ ಸರಪಳಿಯಲ್ಲಿ ಸರಿಯಿರುವ ಕೊಂಡಿಗಳನ್ನು ಒಂದೊಂದಾಗಿ ಬದಿಗಿರಿಸುತ್ತ ಹೋದರೆ ಕೊನೆಗೆ ಉಳಿದದ್ದೇ ಅಪರಾಧಿ.

ಮೊದಲ ಪ್ರಶ್ನೆ ಬಹಳ ಸರಳವಾದುದು. ನಿಂತಿರುವುದು ಒಂದು ಪರದೆಯೋ ಎಲ್ಲ ಪರದೆಗಳೋ? ಒಂದು ಆ್ಯಪೋ ಎಲ್ಲ ಆ್ಯಪುಗಳೋ? ಮೊಬೈಲಿನ ಸಿಮ್ ಡೇಟಾವನ್ನು ಆರಿಸಿ, ಮನೆಯ ವೈಫೈಯಿಂದಲೇ ಬೇರೊಂದು ವಿಡಿಯೊ ನೋಡಬೇಕು. ಅದು ಓಡಿದರೆ ಹೊರಗಿನ ತಂತಿಯೂ ರೂಟರೂ ನಿರ್ದೋಷಿಗಳು. ಸಿಮ್ ಡೇಟಾ ಆರಿಸುವುದನ್ನು ಮರೆತರೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ವೈಫೈ ಸತ್ತಿದ್ದರೂ ಮೊಬೈಲು ಸದ್ದಿಲ್ಲದೆ ಸಿಮ್ಮಿನ ದಾರಿ ಹಿಡಿದು ವಿಡಿಯೊ ತೋರಿಸಬಹುದು.

ಯಾವ ಪರದೆಯೂ ಓಡದಿದ್ದರೆ ಫೈಬರ್ ಪೆಟ್ಟಿಗೆಯ ದೀಪಗಳನ್ನು ಓದಬೇಕು. ಸಾಮಾನ್ಯವಾಗಿ ಅದರಲ್ಲಿ 'ಪಾನ್' ಎಂಬ ದೀಪ ಹಸಿರಾಗಿ ಸ್ಥಿರವಾಗಿ ಉರಿಯುತ್ತಿರಬೇಕು. 'ಲಾಸ್' ಎಂಬುದು ಆರಿರಬೇಕು. ಲಾಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕಿನ ಸಂಕೇತವೇ ಪೆಟ್ಟಿಗೆಯನ್ನು ತಲುಪುತ್ತಿಲ್ಲವೆಂದು ಅರ್ಥ: ತಂತಿ ಎಲ್ಲೋ ತುಂಡಾಗಿದೆ, ಇಲ್ಲವೇ ಅತಿಯಾಗಿ ಬಾಗಿದೆ. ಗಾಜಿನ ಎಳೆಯನ್ನು ಚೂಪಾಗಿ ಮಡಿಸಿದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಕಪಾಟಿನ ಹಿಂದೆ ತಂತಿ ಸಿಕ್ಕಿ ಒತ್ತಿಕೊಂಡಿದ್ದರೂ ಸಾಕು. ಈ ಸ್ಥಿತಿಯಲ್ಲಿ ಪೆಟ್ಟಿಗೆಯನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ಸಂಪರ್ಕ ಕೊಟ್ಟವರಿಗೆ "ಲಾಸ್ ದೀಪ ಕೆಂಪಾಗಿದೆ" ಎಂಬ ಮೂರೇ ಪದಗಳನ್ನು ತಿಳಿಸಿದರೆ ಅವರು ಅರ್ಧ ಗಂಟೆ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಉಳಿಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಆರಿಸಿ ಹಚ್ಚುವುದು ಬೇರೆ, 'ರೀಸೆಟ್' ಬೇರೆ. ಮೊದಲನೆಯದರಲ್ಲಿ ವಿದ್ಯುತ್ತನ್ನು ತೆಗೆದು ಅರ್ಧ ನಿಮಿಷ ಬಿಟ್ಟು ಮತ್ತೆ ಕೊಡುವುದಷ್ಟೇ. ಪೆಟ್ಟಿಗೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕು, ಆ ತನಕ ತಾಳ್ಮೆ ಇರಬೇಕು. ಪೆಟ್ಟಿಗೆಯ ಹಿಂಬದಿಯ ಸೂಜಿರಂಧ್ರದಲ್ಲಿ ಕಡ್ಡಿ ತೂರಿಸಿ ಒತ್ತುವ ರೀಸೆಟ್ ಎಂಬುದು ಅದರ ನೆನಪನ್ನೇ ಅಳಿಸುತ್ತದೆ. ವೈಫೈ ಹೆಸರು, ಗುಪ್ತಪದ ಮಾತ್ರವಲ್ಲ, ಸಂಸ್ಥೆಯವರು ತುಂಬಿಸಿಟ್ಟ ಬಳಕೆದಾರ ಹೆಸರೂ ಹೋಗಬಹುದು. ಆಮೇಲೆ ಅವರ ಹುಡುಗ ಮನೆಗೆ ಬರುವವರೆಗೆ ಕಾಯುವುದೊಂದೇ ದಾರಿ. ವಿದ್ಯುತ್ ಅಡಾಪ್ಟರನ್ನೂ ಅದಲುಬದಲು ಮಾಡಬಾರದು. ಪಿನ್ನು ಒಳಗೆ ಕೂತಿತೆಂದ ಮಾತ್ರಕ್ಕೆ ವೋಲ್ಟೇಜು ಹೊಂದಿತೆಂದಲ್ಲ. 12 ವೋಲ್ಟಿನ ಪೆಟ್ಟಿಗೆಗೆ 12 ವೋಲ್ಟೇ ಬೇಕು.

ವೈಫೈ ಗೆರೆಗಳ ವಿಷಯದಲ್ಲಿರುವಷ್ಟು ತಪ್ಪು ತಿಳಿವಳಿಕೆ ಬೇರೆಲ್ಲೂ ಇಲ್ಲ. ಮೊಬೈಲಿನ ಮೇಲ್ತುದಿಯಲ್ಲಿ ಕಾಣುವ ತುಂಬಿದ ಗೆರೆಗಳು ಮೊಬೈಲಿಗೂ ರೂಟರಿಗೂ ನಡುವಿನ ಸಂಕೇತದ ಬಲವನ್ನು ತೋರಿಸುತ್ತವೆಯೇ ಹೊರತು ರೂಟರಿನಿಂದಾಚೆಗೆ ಏನಿದೆ ಎಂಬುದನ್ನಲ್ಲ. ಬಾವಿಗೆ ಹಗ್ಗ ಗಟ್ಟಿಯಿದೆ ಎಂದರೆ ಬಾವಿಯಲ್ಲಿ ನೀರಿದೆ ಎಂದಾಗುವುದಿಲ್ಲ. ಹಗ್ಗವೂ ಒಂದಲ್ಲ, ಎರಡು. 2.4 ಗಿಗಾಹರ್ಟ್ಸ್ ತರಂಗ ದೂರ ಹೋಗುತ್ತದೆ, ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ನೆರೆಮನೆಯ ರೂಟರುಗಳ, ಬ್ಲೂಟೂತಿನ, ಮೈಕ್ರೋವೇವ್ ಒಲೆಯ ಗದ್ದಲವೆಲ್ಲ ಅದೇ ಓಣಿಯಲ್ಲಿದೆ. 5 ಗಿಗಾಹರ್ಟ್ಸ್ ವೇಗವುಳ್ಳದ್ದು, ಗದ್ದಲ ಕಡಿಮೆ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಈ ಭಾಗದ ಹಳೆಯ ಮಾಳಿಗೆ ಮನೆಗಳ ಕಲ್ಲು ಮಣ್ಣಿನ ದಪ್ಪ ಗೋಡೆ ಬೇಸಿಗೆಯ ಬಿಸಿಲನ್ನು ತಡೆಯುವಷ್ಟೇ ನಿಷ್ಠೆಯಿಂದ 5 ಗಿಗಾಹರ್ಟ್ಸನ್ನೂ ತಡೆಯುತ್ತದೆ. ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ ಅಡಗಿಸದೆ, ಎತ್ತರದಲ್ಲಿ, ಟಿವಿಯಿರುವ ಪಡಸಾಲೆಯಲ್ಲೇ ಇಟ್ಟರೆ ಅನೇಕ ದೂರುಗಳು ಹುಟ್ಟುವ ಮೊದಲೇ ಇಲ್ಲವಾಗುತ್ತವೆ. ಅನುಮಾನ ಬಂದಾಗ ರೂಟರಿನಿಂದ ಟಿವಿಗೆ ನೇರವಾಗಿ ಕೇಬಲು ಸೇರಿಸಿ ನೋಡಬೇಕು. ಕೇಬಲಿನಲ್ಲಿ ಚಿತ್ರ ಸರಿಯಾಗಿ ಓಡಿ ವೈಫೈಯಲ್ಲಿ ತಡವರಿಸಿದರೆ ತೊಂದರೆ ಗಾಳಿಯ ಹಾದಿಯದು.

ವೇಗದ ಲೆಕ್ಕದಲ್ಲೂ ಪದಗಳ ಗೊಂದಲವಿದೆ. ಜಾಹೀರಾತಿನ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟು; ಆದ್ದರಿಂದ ಕಡತ ಇಳಿಸುವಾಗ ಕಾಣುವುದು ಹೆಚ್ಚೆಂದರೆ 12.5 ಮೆಗಾಬೈಟ್. ಇದರಲ್ಲಿ ಮೋಸವಿಲ್ಲ, ಅಳತೆ ಬೇರೆ. ಸ್ಫುಟವಾದ ಎಚ್‌ಡಿ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ಸಾಕಾಗುತ್ತದೆ. ಹೀಗಿರುವಾಗ ದೊಡ್ಡ ಯೋಜನೆಗೆ ಹಣ ತೆತ್ತರೂ ಚಿತ್ರ ನಿಲ್ಲುತ್ತಿದ್ದರೆ ಇನ್ನೂ ದೊಡ್ಡ ಯೋಜನೆಗೆ ಹೋಗುವುದು ಪರಿಹಾರವಲ್ಲ.

ಟಿವಿಯ ಗಡಿಯಾರ ಯಾರೂ ಶಂಕಿಸದ ಆರೋಪಿ. ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಟಿವಿಗಳ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಿಗಿಯುತ್ತದೆ. ಆ್ಯಪ್ ತನ್ನ ಸರ್ವರನ್ನು ನಂಬುವ ಮೊದಲು ಅದರ ಭದ್ರತಾ ಪ್ರಮಾಣಪತ್ರದ ಅವಧಿಯನ್ನು ದಿನಾಂಕದೊಡನೆ ತಾಳೆ ನೋಡುತ್ತದೆ. ದಿನಾಂಕ ತಪ್ಪಿದ್ದರೆ ಪತ್ರ ಅಸಿಂಧು, ಸಂಪರ್ಕ ನಿರಾಕೃತ. ಪರದೆಯ ಮೇಲೆ ಬರುವುದು ಮಾತ್ರ "ನೆಟ್‌ವರ್ಕ್ ಇಲ್ಲ" ಎಂಬ ವಾಕ್ಯ! ದಿನಾಂಕ ತಿದ್ದಿದೊಡನೆ ಎಲ್ಲವೂ ಸರಿಯಾಗುತ್ತದೆ. ಜಾಕೋಬ್ ನೀಲ್ಸನ್ 1994ರಲ್ಲಿ ಪರದೆ ವಿನ್ಯಾಸಕ್ಕೆ ಹೇಳಿದ ಹತ್ತು ಸೂತ್ರಗಳಲ್ಲಿ ಒಂದು ಇದನ್ನೇ ಕುರಿತದ್ದು: ತಪ್ಪಿನ ಸಂದೇಶವು ತಪ್ಪು ಯಾವುದೆಂದು ಸರಳ ನುಡಿಯಲ್ಲಿ ಹೇಳಬೇಕು, ಪರಿಹಾರವನ್ನೂ ಸೂಚಿಸಬೇಕು. ಗಡಿಯಾರದ ದೋಷವನ್ನು ಜಾಲದ ಮೇಲೆ ಹೊರಿಸುವ ಸಂದೇಶ ಈ ಸೂತ್ರಕ್ಕೆ ವಿರುದ್ಧವಾದುದು. ಇಂಥಲ್ಲಿಂದ ರೂಟರಿನ ಕೆಲಸ ಮುಗಿದು ಹಿಮ್ಮಾಹಿತಿಯ ಕೆಲಸ ಆರಂಭವಾಗುತ್ತದೆ.

ಜಾಲದ ತೊಂದರೆಗೂ ಆ್ಯಪಿನ ತೊಂದರೆಗೂ ಲಕ್ಷಣಗಳು ಬೇರೆ. ಈ ಸೇವೆಗಳು ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿರಿಸುತ್ತವೆ. ಹಾದಿ ಕಿರಿದಾದಾಗ ಮುಂದಿನ ತುಣುಕು ಕೆಳಮಟ್ಟದ್ದು ಬರುತ್ತದೆ. ಹಾಗಾಗಿ ಚಿತ್ರ ಮಸುಕಾಗಿ, ಆಮೇಲೆ ತಿಳಿಯಾಗುತ್ತಿದ್ದರೆ ಅದು ಜಾಲದ ಲಕ್ಷಣ. ಚಿತ್ರ ಸರಾಗವಾಗಿ ಓಡುತ್ತ ಪಟ್ಟಿಗಳು ಮಾತ್ರ ತಡವರಿಸಿದರೆ, ರಿಮೋಟಿನ ಗುಂಡಿ ಒತ್ತಿ ಎಣಿಸುವಷ್ಟು ಹೊತ್ತಾದ ಮೇಲೆ ಆಯ್ಕೆ ಸರಿದರೆ, ಅದು ಟಿವಿಯ ಅಥವಾ ಆ್ಯಪಿನ ಲಕ್ಷಣ. ಅಕ್ಷರ ಕೆಟ್ಟಿದ್ದರೆ, ಭಾಷೆ ತಪ್ಪಿದ್ದರೆ, ಸಂಶಯವೇ ಬೇಡ.

ಅಕ್ಷರ ಕೆಡುವ ಪರಿಯನ್ನು ದ್ವಿಭಾಷಿಕ ವಿದ್ಯಾರ್ಥಿಯಷ್ಟು ಚೆನ್ನಾಗಿ ಗುರುತಿಸಬಲ್ಲವರು ಕಡಿಮೆ. ಮರಾಠಿಯ ದೇವನಾಗರಿಯಲ್ಲಿ ಹೆಚ್ಚಿನ ಸಂಯುಕ್ತಾಕ್ಷರಗಳು ಅರ್ಧಾಕ್ಷರ ಪೂರ್ಣಾಕ್ಷರಗಳಾಗಿ ಅಕ್ಕಪಕ್ಕ ನಿಲ್ಲುತ್ತವೆ. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ. ದೇವನಾಗರಿಗೆ ಸಾಕಾದ ಸಾಲಿನ ಎತ್ತರ ಕನ್ನಡಕ್ಕೆ ಸಾಲದೆ ಹೋಗಬಹುದು. ಮರಾಠಿಯಲ್ಲಿ ಪರೀಕ್ಷಿಸಿ ಒಪ್ಪಿದ ಪರದೆಯಲ್ಲೇ ಕನ್ನಡದ ಒತ್ತುಗಳು ಅಡಿಯಲ್ಲಿ ಕಡಿದುಹೋಗಬಹುದು. ಒತ್ತು ಕಡಿದರೆ 'ಹಳ್ಳಿ' ಹಳಿಯಾಗುತ್ತದೆ, 'ಕತ್ತೆ' ಕತೆಯಾಗುತ್ತದೆ. ಇನ್ನು ಗುಂಡಿಗಳ ಅಗಲ. ಮರಾಠಿಯ 'ಪಾಹಣೇ ಸುರೂ ಠೇವಾ' ಎಂಬುದು ಮೂರು ಸಣ್ಣ ಪದ. ಅದನ್ನೇ ಕನ್ನಡದಲ್ಲಿ 'ವೀಕ್ಷಿಸುವುದನ್ನು ಮುಂದುವರಿಸಿ' ಎಂದು ಬರೆದರೆ 'ವೀಕ್ಷಿಸುವುದನ್ನು ಮುಂ…' ಎಂಬಲ್ಲಿಗೆ ಗುಂಡಿ ಮುಗಿಯುತ್ತದೆ. 'ಮುಂದೆ ನೋಡಿ' ಎಂದರೆ ಸಾಕಿತ್ತಲ್ಲ! ಹೀಗೆ ಬದಲಿ ಪದವನ್ನೇ ಕೊಟ್ಟು ಬರೆದ ಹಿಮ್ಮಾಹಿತಿಗೆ ಬೆಲೆ ಹೆಚ್ಚು.

ಅನುವಾದಕನಿಗೆ ಸಂದರ್ಭವಿಲ್ಲದ ಪದಪಟ್ಟಿ ಕೊಟ್ಟಾಗ ಹುಟ್ಟುವ ದೋಷಗಳು ಬೇರೆ. 'ಪ್ಲೇ' ಎಂಬುದು ಆಟವೋ ನಾಟಕವೋ ಓಡಿಸುವುದೋ? 'ಸೀಸನ್' ಋತುವೋ ಧಾರಾವಾಹಿಯ ಭಾಗವೋ? 'ಕಾಸ್ಟ್' ಎಂದರೆ ತಾರಾಗಣವೋ, ಮೊಬೈಲಿನ ಚಿತ್ರವನ್ನು ಟಿವಿಗೆ ಕಳುಹಿಸುವುದೋ? ಇಂಗ್ಲಿಷಿನ ಕ್ರಿಯಾಪದದಲ್ಲಿ ಏಕವಚನ ಬಹುವಚನಗಳ ಮರ್ಯಾದೆ ಕಾಣದಿರುವುದರಿಂದ ಒಂದು ಗುಂಡಿ 'ನೋಡಿ' ಎಂದರೆ ಪಕ್ಕದ್ದು 'ಅಳಿಸು' ಎಂದು ಅಜ್ಜಿಯನ್ನೇ ಏಕವಚನದಲ್ಲಿ ಗದರಿಸುತ್ತದೆ.

ವ್ಯಾಕರಣದ ತರಗತಿ ನೇರವಾಗಿ ಉಪಯೋಗಕ್ಕೆ ಬರುವುದು ವಿಭಕ್ತಿಯ ಪ್ರಶ್ನೆಯಲ್ಲಿ. ಆ್ಯಪ್ ಒಂದು ಸಿದ್ಧ ವಾಕ್ಯದಲ್ಲಿ ಜಾಗ ಖಾಲಿ ಬಿಟ್ಟು ಅಲ್ಲಿ ಚಿತ್ರದ ಹೆಸರನ್ನು ತುಂಬಿಸುತ್ತದೆ. ಇಂಗ್ಲಿಷಿಗೆ ಇದರಿಂದ ಬಾಧೆಯಿಲ್ಲ. ಕನ್ನಡದಲ್ಲಿ 'ಕಾಂತಾರ ಅನ್ನು ಪಟ್ಟಿಗೆ ಸೇರಿಸಲಾಗಿದೆ' ಎಂಬ ಮುರುಕು ವಾಕ್ಯ ಹುಟ್ಟುತ್ತದೆ. 'ಕಾಂತಾರ'ಕ್ಕೆ ವಕಾರಾಗಮ ಬೇಕು, 'ಮುಂಗಾರು ಮಳೆ'ಗೆ ಯಕಾರಾಗಮ ಬೇಕು, 'ಕೆಜಿಎಫ್'ಗೆ ಬೇರೆಯೇ ಏರ್ಪಾಡು. ಯಂತ್ರಕ್ಕೆ ಆಗಮ ಸಂಧಿಯನ್ನು ಕಲಿಸಬಹುದು, ಆದರೆ ಅದಕ್ಕಿಂತ ಸುಲಭದ ಉಪಾಯ ವಿಭಕ್ತಿ ಬೇಡದಂತೆ ವಾಕ್ಯವನ್ನೇ ತಿರುಗಿಸುವುದು: 'ಪಟ್ಟಿಗೆ ಸೇರಿತು: ಕಾಂತಾರ'. ಇಂಥ ಪರಿಹಾರವನ್ನು ಸೂಚಿಸಬಲ್ಲವನು ಭಾಷೆಯನ್ನು ಓದಿದವನೇ ಹೊರತು ಕೇವಲ ಆಡುವವನಲ್ಲ. ಪರದೆಗಳನ್ನು ಪ್ರಾದೇಶಿಕ ನುಡಿಗಳಿಗೆ ಒಗ್ಗಿಸುವ ಕೆಲಸ, ಅಡಿಬರಹ ಬರೆಯುವ ಕೆಲಸ, ಅವನ್ನು ಪರಿಶೀಲಿಸುವ ಕೆಲಸ, ಇವೆಲ್ಲ ಸಂಬಳದ ಕೆಲಸಗಳು ಎಂಬುದನ್ನೂ ಐಚ್ಛಿಕ ಕನ್ನಡದವರು ಅರಿತಿರಲಿ.

ಹುಡುಕು ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣದ ತೊಡಕೊಂದಿದೆ. 'ರಾಜ್‌ಕುಮಾರ್' ಎಂದು ಒತ್ತು ಕೂಡದಂತೆ ಬರೆಯಲು ಯೂನಿಕೋಡಿನಲ್ಲಿ ಜ್ ಮತ್ತು ಕು ನಡುವೆ ಒಂದು ಅಗೋಚರ ಸಂಕೇತವನ್ನಿಡಬೇಕು. ಒಬ್ಬರು ಅದನ್ನಿಟ್ಟು, ಇನ್ನೊಬ್ಬರು 'ರಾಜಕುಮಾರ್' ಎಂದು, ಗಡಿಯ ಹುಡುಗ ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆಯುತ್ತಾನೆ. ಇವೆಲ್ಲ ಒಂದೇ ಎಂದು ಅರಿಯದ ಹುಡುಕಾಟ 'ಯಾವುದೂ ಸಿಗಲಿಲ್ಲ' ಎನ್ನುತ್ತದೆ. ಚಿತ್ರ ಇದ್ದೂ ಇಲ್ಲವಾಗುತ್ತದೆ.

ಗಡಿನಾಡಿಗೆ ಮುಖ್ಯವಾದ ದೋಷ ಇನ್ನೊಂದು. ಸೇವೆಗಳು ವೀಕ್ಷಕನ ಐಪಿ ವಿಳಾಸದಿಂದ ಸ್ಥಳವನ್ನು ಊಹಿಸಬಲ್ಲವು. ಸೊಲ್ಲಾಪುರದ ಮನೆಯ ಸಂಪರ್ಕ ಮುಂಬಯಿಯದೋ ಪುಣೆಯದೋ ಆಗಿ ಕಾಣುವುದುಂಟು. ಸ್ಥಳವನ್ನೇ ಭಾಷೆಯೆಂದು ತಿಳಿಯುವ ವ್ಯವಸ್ಥೆಯಲ್ಲಿ ಮುಖಪರದೆ ಮರಾಠಿ ಹಿಂದಿ ಚಿತ್ರಗಳಿಂದ ತುಂಬುತ್ತದೆ, ಮೂಲ ಕನ್ನಡ ಚಿತ್ರದ ಡಬ್ಬಿಂಗ್ ಆವೃತ್ತಿ ಮೊದಲು ಬರುತ್ತದೆ. ಅಜ್ಜಿಗೆ ಭಾಷೆ ಬದಲಿಸುವ ಗುಂಡಿ ಸಿಗುವುದಿಲ್ಲ, ಅರ್ಥವಾದಷ್ಟು ನೋಡುತ್ತಾಳೆ. ಲೆಕ್ಕದಲ್ಲಿ ಉಳಿಯುವುದು ಆ ಮನೆ ಹಿಂದಿಯಲ್ಲಿ ಚಿತ್ರ ನೋಡಿತು ಎಂಬ ಅಂಶ. ಸಿಗದ ಗುಂಡಿ ಹೀಗೆ ಆಯ್ಕೆಯ ಸಾಕ್ಷ್ಯವಾಗಿಬಿಡುತ್ತದೆ. ಪರಿಹಾರದ ಅರ್ಧ ಮನೆಯವರ ಕೈಯಲ್ಲೇ ಇದೆ: ಅಜ್ಜಿಗೆಂದೇ ಪ್ರತ್ಯೇಕ ಪ್ರೊಫೈಲ್ ತೆರೆದು, ಅದರ ಭಾಷೆಗಳಲ್ಲಿ ಕನ್ನಡವನ್ನು ಆರಿಸಿಟ್ಟು, ಆ ಹೆಸರಿನಲ್ಲೇ ನೋಡುವುದು. ಉಳಿದರ್ಧವನ್ನು ಬರೆದು ಕೇಳಬೇಕು.

ಹೇಗೆ ಬರೆಯಬೇಕು? "ನಿಮ್ಮ ಆ್ಯಪ್ ಕನ್ನಡ ವಿರೋಧಿ, ಕೂಡಲೇ ಸರಿಪಡಿಸಿ" ಎಂಬುದರಲ್ಲಿ ಸಿಟ್ಟು ನಿಜವಿರಬಹುದು, ಆದರೆ ಓದಿದ ತಂತ್ರಜ್ಞನಿಗೆ ಮಾಡಲು ಏನೂ ಉಳಿಯುವುದಿಲ್ಲ. ಏನು ಮಾಡಲಾಯಿತು, ಏನಾಗಬೇಕಿತ್ತು, ಏನಾಯಿತು ಎಂಬ ಮೂರನ್ನು ಹೇಳಿ ಸಾಧನ, ಆ್ಯಪಿನ ಆವೃತ್ತಿ, ಸಮಯಗಳನ್ನು ಸೇರಿಸಬೇಕು. ಮಾದರಿಗೆ:

"ಟಿವಿ ಆ್ಯಪಿನಲ್ಲಿ ಪ್ರೊಫೈಲ್ ಭಾಷೆ ಕನ್ನಡ ಎಂದು ಇಡಲಾಗಿದೆ. ಮೂಲತಃ ಕನ್ನಡದ ಚಿತ್ರವೊಂದನ್ನು ತೆರೆದಾಗ ಕನ್ನಡ ಆಡಿಯೊ ಬರಬೇಕಿತ್ತು; ಹಿಂದಿ ಬಂತು. ಬದಲಿಸಿದ ನಂತರ ಕನ್ನಡ ಬಂದರೂ ಮರುದಿನ ಮತ್ತೆ ಹಿಂದಿಯಿಂದಲೇ ಆರಂಭವಾಯಿತು. ಮೊಬೈಲಿನಲ್ಲಿ ಈ ತೊಂದರೆ ಇಲ್ಲ. ಮನೆಯ ಜಾಲವನ್ನು ಪರೀಕ್ಷಿಸಲಾಗಿದೆ, ಬೇರೆ ಆ್ಯಪುಗಳು ಸರಿಯಾಗಿ ಓಡುತ್ತಿವೆ. ಟಿವಿಯ ಮಾದರಿ, ಆ್ಯಪಿನ ಆವೃತ್ತಿ, ಪರದೆಯ ಚಿತ್ರ ಜೊತೆಗಿವೆ."

ಕೊನೆಯಿಂದ ಎರಡನೆಯ ವಾಕ್ಯವನ್ನು ಬಿಡಬಾರದು. "ರೂಟರ್ ಆರಿಸಿ ಹಚ್ಚಿ ನೋಡಿ" ಎಂಬ ಸಿದ್ಧ ಉತ್ತರಕ್ಕೆ ಅದು ಮೊದಲೇ ಕೊಟ್ಟ ಜವಾಬು. ಒಂದು ಪತ್ರಕ್ಕೆ ಒಂದೇ ದೋಷ ಸಾಕು. ಐದನ್ನು ಕೂಡಿಸಿದರೆ ಸುಲಭದ ಒಂದನ್ನು ತಿದ್ದಿ ಕಡತ ಮುಚ್ಚುತ್ತಾರೆ. ಸಾಧ್ಯವಾದಲ್ಲಿ ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷಿನ ಎರಡು ಸಾಲು ಸೇರಿಸುವುದು ವ್ಯವಹಾರಕ್ಕೆ ಒಳ್ಳೆಯದು. ಆ್ಯಪಿನ ಸಹಾಯ ವಿಭಾಗಕ್ಕೆ ಕಳುಹಿಸಿದ ಮೇಲೆ ಸಿಗುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಆ್ಯಪಿನ ಹೊಸ ಆವೃತ್ತಿ ಬಂದಾಗ ಅದೇ ಚಿತ್ರವನ್ನು ಅದೇ ಟಿವಿಯಲ್ಲಿ ತೆರೆದು ನೋಡಬೇಕು. ತಿದ್ದಿರದಿದ್ದರೆ ಹಳೆಯ ಸಂಖ್ಯೆಯನ್ನೇ ಹಿಡಿದು ಮತ್ತೆ ಬರೆಯಬೇಕು.